ಹೆಂಡತಿ ಬೀಳದಂತೆ ದೋಣಿ ಬಿಗಿಸಿದ್ದು

ಧೈರ್ಯವಂತೆಯನ್ನು ಮದುವೆಯಾದವನು ಎರಡು ಪಾಲು ಹೆದರಬೇಕಾಗುತ್ತದೆ: ತನ್ನ ಪಾಲಿನದೊಂದು, ಅವಳು ಹೆದರದೆ ಉಳಿಸಿದ್ದೊಂದು. ನಾನೋ ಹುಟ್ಟಾ ಪುಕ್ಕಲ. ಕೊಳ್ಳೇಗಾಲದಿಂದ ಯಳಂದೂರಿನ ಕಚೇರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಎದುರಿನ ಕಂಬಿ ಹಿಡಿದೇ ಕೂರುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿ ಬಂದದ್ದುಂಟು. ನೋಡಿದರೆ ಅಂದು ಒಲೆಯನ್ನೇ ಹಚ್ಚಿರಲಿಲ್ಲ. ಇಂಥವನಿಗೆ ಸಿಕ್ಕಿದ ಹೆಂಡತಿ ನಾಗಮಣಿ, ಹನೂರಿನ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ಯಾವುದೋ ಸಾಹಸ ಶಿಬಿರಕ್ಕೆ ಹೋಗಿ ಬಂದವಳು, ಬಂಡೆಗಳ ನಡುವೆ ನುಗ್ಗುವ ನೀರಿನಲ್ಲಿ ಮಂಡಿಯೂರಿ ಹುಟ್ಟು ಹಾಕುವ ಕೆನೂ ಎಂಬ ಕಿರಿದಾದ ದೋಣಿಯ ಹುಚ್ಚು ಹತ್ತಿಸಿಕೊಂಡಳು. ಕೊನೆಗೆ ಹಳೆಯದೊಂದು ಕೆನೂ ನಮ್ಮ ಅಂಗಳಕ್ಕೇ ಬಂದು ಬಿತ್ತು.

ಲೊಕ್ಕನಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಪೂಜೆಗೆ ನಿಂತರು. "ಚಕ್ರ ಇಲ್ದಿರೋ ಗಾಡಿಗೆ ನಿಂಬೆಅಣ್ಣ ಎಲ್ಲಿ ಮಡುಗೋದು ಅಳೀಮಯ್ಯ?" ಎಂದು ಕೇಳಿದರು. ನನಗೂ ತಿಳಿಯಲಿಲ್ಲ. ಚಕ್ರವಿದ್ದಿದ್ದರೆ ಬ್ರೇಕೂ ಇರುತ್ತಿತ್ತಲ್ಲ ಎಂದುಕೊಂಡೆ.

ಪೂಜೆ ಮುಗಿದ ಮೇಲೆ ನಾಗಮಣಿ ದೋಣಿಯನ್ನು ತನ್ನ ಅಳತೆಗೆ ಸಿದ್ಧಪಡಿಸತೊಡಗಿದಳು. ನಡುವೆ ಅತ್ತಿತ್ತ ಕಾಲು ಹಾಕಿ ಮಂಡಿಯೂರಿ ಕೂರಲು ಗಟ್ಟಿ ಫೋಮಿನ ದಿಂಬು, ಮಂಡಿಗಳ ಕೆಳಗೆ ಮೆತ್ತೆ, ಪಾದಕ್ಕೆ ಒದೆಗಟ್ಟು, ಮುಂದೆ ಹಿಂದೆ ನೀರು ತುಂಬದಂತೆ ಗಾಳಿ ತುಂಬಿದ ಟ್ಯೂಬು. ತೊಡೆಗಳ ಮೇಲೆ ಬಿಗಿಯಲು ಎರಡು ಪಟ್ಟಿ. "ಮೈಗೂ ದೋಣಿಗೂ ಸಂದೇ ಇರ್ಬಾರ್ದು ಕಣ್ರಿ. ಸೊಂಟ ಎತ್ಲಾಗ್ ವಾಲ್ತದೋ ದೋಣಿನೂ ಅತ್ಲಾಗೇ ವಾಲ್ಬೇಕು" ಎಂದು ವಿವರಿಸಿದಳು. ನನ್ನ ಕಣ್ಣೆಲ್ಲ ಆ ಪಟ್ಟಿಗಳ ಮೇಲೇ. ಪ್ರತಿಯೊಂದರ ಬಕಲ್ಲಿನಿಂದಲೂ ಗೇಣುದ್ದದ ತುದಿ ಬಾಲದ ಹಾಗೆ ನೇತಾಡುತ್ತಿತ್ತು. ಅಪ್ಪಿತಪ್ಪಿ ಎಳೆದರೆ ಪಟ್ಟಿಯೇ ಸಡಿಲ! ಇವಳು ನಡುಹೊಳೆಯಲ್ಲಿ ಬಿದ್ದು ತೇಲಿಹೋಗುವುದು ನನಗೆ ಊಟದ ತಟ್ಟೆಯ ಮುಂದೆಯೂ ಕಾಣತೊಡಗಿತು.

ಅವಳು ಶಾಲೆಗೆ ಹೋದ ದಿನ ಪಟ್ಟಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಬೈಕ್ ಸೀಟು ಹೊಲಿಯುವ ಅಂಗಡಿಗೆ ಹೋದೆ. "ದೋಣಿ ಮಗುಚಿದರೂ ಮನುಷ್ಯ ಬೀಳಬಾರದು, ಹಾಗೆ ಮಾಡಿಕೊಡಿ" ಎಂದೆ. ಅಂಗಡಿಯವನು ಬಾಲ ಹಿಡಿದು ಅಲ್ಲಾಡಿಸಿ, "ಇದ್ಯಾಕ್ ಸಾ ನೇತಾಡ್ತದೆ? ಮಡ್ಚಿ ಒಲ್ದ್‌ಬುಡ್ಲಾ?" ಎಂದ. ಹೊಲಿದುಬಿಡಿ ಎಂದೆ. ಸೀಟಿಗೆ ಹಾಕುವ ದಪ್ಪ ದಾರದಲ್ಲಿ ಹೊಲಿದ. ಇನ್ನೊಂದು ಹೊಲಿಗೆ ಹಾಕಿ ಎಂದೆ. ಹಾಕಿದ. ಪಟ್ಟಿಗಳನ್ನು ಮತ್ತೆ ಸಿಕ್ಕಿಸಿಟ್ಟು ಆ ರಾತ್ರಿ ಹಾಯಾಗಿ ನಿದ್ದೆ ಮಾಡಿದೆ.

ಭಾನುವಾರ ಯಳಂದೂರಿನ ಹತ್ತಿರದ ಕೆರೆಯಲ್ಲಿ ಪರೀಕ್ಷೆ. ಸೊಂಟಮಟ್ಟದ ನೀರು. "ಮೊದ್ಲು ನೀವ್ ಕೂತ್ಕಳಿ, ನಾನ್ ಪಕ್ಕದಲ್ಲೇ ನಿಂತು ಮಗುಚ್ತೀನಿ. ಒಂದ್ಸಲ ಮುಳುಗೆದ್ರೆ ನಿಮ್ ಭಯ ಓಯ್ತದೆ" ಎಂದಳು ನಾಗಮಣಿ. ಬೇರೆ ದಿನವಾಗಿದ್ದರೆ ಹೊಟ್ಟೆನೋವು ಎನ್ನುತ್ತಿದ್ದೆ. ಅಂದು ನನ್ನ ಹೊಲಿಗೆಯ ಮೇಲೆ ನನಗೆ ಅಪಾರ ನಂಬಿಕೆ. ತೊಡೆಗಳನ್ನು ಪಟ್ಟಿಗಳ ಕೆಳಗೆ ತಿಣುಕಿ ತೂರಿಸಿ, ಹೂಂ ಎಂದೆ. ಮಗುಚಿದಳು.

ಬೀಳಲಿಲ್ಲ ನಾನು. ಅದೇ ಎಡವಟ್ಟಾಯಿತು. ತಲೆ ಕೆಳಗೆ, ಮೂಗಿನ ತುಂಬ ಕೆರೆ, ತೊಡೆಗಳು ಕೊಸರಿದಷ್ಟೂ ಅಲ್ಲಾಡವು. ಎಳೆಯೋಣವೆಂದರೆ ಬಾಲವೇ ಇಲ್ಲ. ಅವಳು ತಟ್ಟನೆ ದೋಣಿಯನ್ನು ಮೇಲಕ್ಕೆ ತಿರುಗಿಸದಿದ್ದರೆ ಈ ಪ್ರಬಂಧ ಬರೆಯುವವರೇ ಇರುತ್ತಿರಲಿಲ್ಲ. ನಾನು ಕೆಮ್ಮುತ್ತಿರುವಾಗ ಅವಳು ಪಟ್ಟಿಗಳನ್ನು ತಡವಿ ಹೊಲಿಗೆ ಕಂಡುಹಿಡಿದಳು.

"ಯಾರ್ ಒಲ್ಸಿದ್ದು ಇದ?"

"ನೀನು ಬೀಳಬಾರದು ಅಂತ…"

"ಬಿದ್ರೆ ಈಜ್ಕಂಡ್ ಬತ್ತೀನಿ ಕಣ್ರಿ. ಸಿಕ್ಕಾಕ್ಕಂಡ್ರೆ ಎಂಗ್ ಬರ್ಲಿ?"

ಹೊಳೆಯ ಮಧ್ಯದಲ್ಲಿ ಇದೇ ಪಟ್ಟಿಯೊಳಗೆ ಅವಳಿದ್ದಿದ್ದರೆ ಎಂದು ನೆನೆದು, ದಡಕ್ಕೆ ಬಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅವಳು ಬೈಯಲೂ ಇಲ್ಲ. ಬ್ಲೇಡು ತೆಗೆದು ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ, ಬಾಲ ಬಿಡಿಸಿ, ತಾನೇ ಕೂತು ಹತ್ತಾರು ಸಲ ಮಗುಚಿಕೊಂಡು ಹೊರಬಂದಳು.

ಮಳೆ ನಿಂತು ಹೊಳೆಯ ನೀರು ಇಳಿದ ಮೇಲೆ ಅವಳ ಶಿಬಿರದ ಗೆಳತಿಯರೊಂದಿಗೆ ಸತ್ತೇಗಾಲದ ಕಡೆ ಕಾವೇರಿಗೆ ಹೋದೆವು. ನನಗೆ ದಡದ ಕೆಲಸ. ಅವಳು ನೀರಿಗೆ ಬಿದ್ದರೆ ಎಸೆಯಲು ಉದ್ದನೆಯ ಹಗ್ಗವೊಂದನ್ನು ಕೊಟ್ಟು, "ಒಂದ್ ತುದಿ ಕೈಲಿರ್ಲಿ, ಮಿಕ್ಕಿದ್ದು ಎಸೀರಿ, ಅಷ್ಟೇ" ಎಂದು ಹೋದಳು. ಹಗ್ಗ ಕೈಜಾರಿದರೆ? ಮತ್ತಿಮರಕ್ಕೆ ಒಂದು ಸುತ್ತು ಹಾಕಿದೆ. ಮರದಿಂದ ಕಳಚಿದರೆ? ನನ್ನ ಸೊಂಟಕ್ಕೆ ಸುತ್ತಿದೆ. ಗಂಟು ಜಾರಿದರೆ? ಗಂಟಿನ ಮೇಲೆ ಗಂಟು ಹಾಕಿದೆ.

ಎರಡು ಬಂಡೆಗಳ ನಡುವೆ ದೋಣಿ ಮಗುಚಿತು. "ಅಯ್ಯೋ ಮಾದಪ್ಪ!" ಎಂದು ಕಿರುಚಿ ಹಗ್ಗ ಎಸೆಯಹೋದೆ. ಎಸೆಯಲು ಮಿಕ್ಕಿದ್ದದ್ದು ಮೊಳದುದ್ದ. ಓಡಲು ಹೋದರೆ ಮರ ಬಿಡಲಿಲ್ಲ. ಅಷ್ಟರಲ್ಲಿ ನಾಗಮಣಿ ಪಟ್ಟಿ ಕಳಚಿ ಮೇಲೆ ಬಂದು, ದೋಣಿಯನ್ನೂ ಎಳೆದುಕೊಂಡು ಈಜಿ ದಡ ಸೇರಿದ್ದಳು. ನೀರು ಸುರಿಸುತ್ತ ಬಂದವಳು ಮರವನ್ನೂ ನನ್ನನ್ನೂ ಸುತ್ತು ಹಾಕಿ ನೋಡಿದಳು. ಆಮೇಲೆ ಮಂಡಿಯೂರಿ ಕೂತು ಗಂಟು ಬಿಚ್ಚತೊಡಗಿದಳು.

"ಕೊಸರಾಡ್‌ಬೇಡಿ, ಇನ್ನೂ ಬಿಗೀತದೆ" ಎಂದಳು. ನಾನು ಉಸಿರು ಬಿಗಿಹಿಡಿದು, ಅವಳು ಬಿಡಿಸುವವರೆಗೂ ಅಲ್ಲಾಡದೆ ನಿಂತಿದ್ದೆ.