ಹೋಮ್‌ವರ್ಕಿಗೆ ದೊಡ್ಡವರು ಕೈಹಾಕದಿರುವ ಬಗ್ಗೆ

ಮನೆಪಾಠ ಇಲಾಖೆ
(ಮಗಳು ಶಾಲೆ ಸೇರಿದ ಮೇಲೆ: ಹೋಮ್‌ವರ್ಕ್ ನಿರ್ವಹಣಾ ಇಲಾಖೆ)
ಊಟದ ಮೇಜು ಶಾಖೆ

ಸಂಖ್ಯೆ: ಹೋ.ನಿ.ಇ./ಊ.ಮೇ./ಸಾಕಪ್ಪಾ ಸಾಕು/೧
ದಿನಾಂಕ: ಶನಿವಾರ, ಒಗೆದ ಬಟ್ಟೆ ಹರವಿದ ನಂತರ

ವಿಷಯ: ಮಗಳ ಹೋಮ್‌ವರ್ಕ್ ಅನ್ನು ಮಗಳಿಗೇ ಬಿಟ್ಟುಕೊಡುವ ಕುರಿತು.

ಉಲ್ಲೇಖ: ೧) ಗುರುವಾರ ಟೀಚರ್ ಅಮ್ಮನವರನ್ನು ಕರೆಸಿ ಆಡಿದ ಮಾತು. ೨) ಅದನ್ನು ಕೇಳಿ ಅಮ್ಮನವರಿಗೆ ಬಂದ ತಲೆನೋವು.

ಊಟದ ಮೇಜಿನ ಸುತ್ತ ಕೂರುವ ಸಕಲ ಸಿಬ್ಬಂದಿಗೆ ಈ ಮೂಲಕ ಕಣ್ಣು ಬಿಟ್ಟು ತಿಳಿಸುವುದೇನೆಂದರೆ:

ಮಗಳ ವಿದ್ಯಾಭ್ಯಾಸವು ಹೋದ ವರ್ಷದವರೆಗೂ ಮನೆಯಲ್ಲೇ, ಅಮ್ಮನವರ ಹೊಲಿಗೆ ಯಂತ್ರದ ಪಕ್ಕದಲ್ಲೇ ನಡೆದುಕೊಂಡು ಬಂದಿತ್ತು. ಆಗ ಪಾಠವೆಂದರೆ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸವಾಗಿತ್ತು. "ನಂಗೂ ಆಡೋಕೆ, ಜಗಳ ಆಡೋಕೆ ನನ್ನ ವಯಸ್ಸಿನೋರು ಬೇಕಮ್ಮಾ" ಎಂದು ಮಗಳು ಸಲ್ಲಿಸಿದ ಮೌಖಿಕ ಅರ್ಜಿಯನ್ನು ಪರಿಗಣಿಸಿ ಆಕೆಯನ್ನು ಶಾಲೆಗೆ ಸೇರಿಸಲಾಯಿತು. ಗೆಳತಿಯರೇನೋ ಸಿಕ್ಕರು. ಆದರೆ ಸಂಜೆ ಅವರು ಗೇಟಿನ ಬಳಿ ಬಂದು "ಬರ್ತೀಯೇನೇ?" ಎಂದು ಕೂಗುವಾಗ ಮಗಳು ಹೋಮ್‌ವರ್ಕಿನ ರಾಶಿಯ ಹಿಂದೆ ಕುಳಿತಿರುತ್ತಾಳೆ. ಕೂಗಿ ಕೂಗಿ ಅವರು ಹೊರಟುಹೋಗುತ್ತಾರೆ. ಇದನ್ನು ನೋಡಲಾರದೆ ಸಿಬ್ಬಂದಿಯು ಹಳೆಯ ರೂಢಿಯಂತೆ ಹೋಮ್‌ವರ್ಕ್ ಅನ್ನು ಹಂಚಿಕೊಂಡಿರುತ್ತದೆ. ಅನಾಹುತ ಶುರುವಾದದ್ದು ಅಲ್ಲಿಂದ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಅಪ್ಪನವರು ವೃತ್ತಿಯಿಂದ ಅಂಗಡಿಗಳ ಬೋರ್ಡ್ ಬರೆಯುವವರಾಗಿದ್ದು, ಮಗಳ ಕಾಪಿ ಪುಸ್ತಕದಲ್ಲಿ ಪ್ರತಿ ಅಕ್ಷರಕ್ಕೂ ನೆರಳು ಕೊಟ್ಟಿರುವುದು, ಹಾಗೂ ಪುಟದ ಕೆಳಗೆ ಅಭ್ಯಾಸಬಲದಿಂದ ತಮ್ಮ ಫೋನ್ ನಂಬರ್ ಬರೆದಿರುವುದು ಗಮನಕ್ಕೆ ಬಂದಿದೆ. ಅದನ್ನು ಅಳಿಸಲು ಇಡೀ ಒಂದು ರಬ್ಬರ್ ಸವೆದಿರುತ್ತದೆ. ಇನ್ನು ಮುಂದೆ ಅವರು ಹೋಮ್‌ವರ್ಕ್ ಮುಗಿಯುವವರೆಗೆ ತಮ್ಮ ಎರಡೂ ಕೈಗಳ ಮೇಲೆ ಕೂರತಕ್ಕದ್ದು.

೨. ರಟ್ಟಿನಲ್ಲಿ ಪುಟ್ಟ ಮನೆ ಮಾಡಿ ತರಲು ಶಾಲೆಯವರು ಹೇಳಿದ್ದರೆ, ಬಡಗಿಯಾದ ಸೋದರಮಾವನವರು ಗಟ್ಟಿ ಮರದಲ್ಲೇ ಮನೆ ಕಟ್ಟಿ, ಬಾಗಿಲಿಗೆ ಚಿಲಕವನ್ನೂ ಇಟ್ಟಿರುತ್ತಾರೆ. ಸದರಿ ಮನೆಯು ತರಗತಿಯ ಬಾಗಿಲಲ್ಲಿ ತೂರದೆ ಇಂದಿಗೂ ಶಾಲೆಯ ಜಗಲಿಯಲ್ಲಿದ್ದು, ಅದರೊಳಗೆ ಒಂದನೇ ತರಗತಿಯ ಇಬ್ಬರು ವಾಸವಾಗಿದ್ದಾರೆ. ಮಾವನವರಿಗೆ ಪೆನ್ಸಿಲ್ ಚೂಪು ಮಾಡಿಕೊಡಲು ಮಾತ್ರ ಅನುಮತಿ ಇದೆ. ಉಳಿ ಬಳಸುವಂತಿಲ್ಲ.

೩. ಅಜ್ಜಿಯವರು ಮಗ್ಗಿಯ ಉತ್ತರಗಳನ್ನು ಕೆಮ್ಮಿನ ಮೂಲಕ ರವಾನಿಸುತ್ತಿರುವುದು ಸಾಬೀತಾಗಿದೆ. ಏಳನ್ನು ಎಂಟರಿಂದ ಗುಣಿಸುವ ಲೆಕ್ಕ ಮುಗಿಯುವ ಹೊತ್ತಿಗೆ ಅವರಿಗೆ ನಿಜವಾಗಿಯೂ ಕೆಮ್ಮು ಹತ್ತಿ, ಕಷಾಯ ಕಾಯಿಸಬೇಕಾಗಿ ಬಂದಿರುತ್ತದೆ. ಹೋಮ್‌ವರ್ಕ್ ವೇಳೆಯಲ್ಲಿ ಕೆಮ್ಮು ಬಂದಲ್ಲಿ ಅಡುಗೆಮನೆಗೆ ಹೋಗಿ ಕೆಮ್ಮತಕ್ಕದ್ದು. ಅಲ್ಲಿಂದ ಪಾತ್ರೆ ಬಡಿಯುವಂತಿಲ್ಲ.

೪. 'ನನ್ನ ತಾಯಿ' ಎಂಬ ಪ್ರಬಂಧವನ್ನು ಅಮ್ಮನವರೇ ಬರೆದಿದ್ದು, ಅದರಲ್ಲಿ ತಾಯಿಯನ್ನು 'ಸಹನೆಯ ಸಾಕಾರಮೂರ್ತಿ' ಎಂದು ವರ್ಣಿಸಲಾಗಿದೆ. ಈ ಬಗ್ಗೆ ವಿಚಾರಣೆ ನಡೆಸಬೇಕೆಂದು ಅಪ್ಪನವರು ಒತ್ತಾಯಿಸಿದ್ದು, ಸದರಿ ಕೋರಿಕೆಯನ್ನು ಸಹನೆ ಕಳೆದುಕೊಂಡು ತಿರಸ್ಕರಿಸಲಾಗಿದೆ.

೫. ಇಷ್ಟೆಲ್ಲ ಹೆಣಗಿದರೂ ಹೋಮ್‌ವರ್ಕ್ ದಿನದಿನಕ್ಕೆ ಉಬ್ಬುತ್ತಲೇ ಹೋಯಿತು. ಕಾರಣ ತಿಳಿದದ್ದು ಗುರುವಾರ. ಟೀಚರ್ ಅಮ್ಮನವರ ಕೈ ಹಿಡಿದುಕೊಂಡು, "ಮನೇಲೇ ಓದಿದ ಮಗು ಅಲ್ವಾ, ಮಹಾ ಜಾಣೆ ಕಣ್ರೀ! ಎಷ್ಟು ಕೊಟ್ರೂ ಮುಗಿಸ್ಕೊಂಡು ಬರ್ತಾಳೆ. ಅವಳಿಗೆ ಬೇಜಾರಾಗಬಾರ್ದು ಅಂತ ಅವಳೊಬ್ಬಳಿಗೇ ಒಂದಿಷ್ಟು ಜಾಸ್ತಿ ಕೊಡ್ತಿದೀನಿ" ಎಂದರು. ಅಂದರೆ ಸಿಬ್ಬಂದಿ ದುಡಿದಷ್ಟೂ ರಾಶಿ ಬೆಳೆದಿದೆ. ಮಗಳ ಸಂಜೆಗಳನ್ನು ನುಂಗಿ ನೀರು ಕುಡಿದವರು ಮನೆಯವರೇ. ನಿಜ ಹೇಳಬೇಕಾದ ಅಮ್ಮನವರು, 'ಮಹಾ ಜಾಣೆ' ಎಂಬ ಮಾತಿಗೆ ಉಬ್ಬಿಹೋಗಿ, ತಾವು ಕಲಿಸಿದ್ದಕ್ಕೇ ಬಂದ ಹೊಗಳಿಕೆಯೆಂದು ನಗುತ್ತಾ ತಲೆಯಾಡಿಸಿ ಬಂದಿರುತ್ತಾರೆ. ಇದು ಗಂಭೀರ ಕರ್ತವ್ಯಲೋಪ.

೬. ಇನ್ನು ಮುಂದೆ ಮಗಳು ಮಾಡಿದ ತಪ್ಪು ಲೆಕ್ಕವು ತಪ್ಪಾಗಿಯೇ ಶಾಲೆಗೆ ಹೋಗತಕ್ಕದ್ದು. ಅದನ್ನು ನೋಡಿ ನಿಟ್ಟುಸಿರು ಬಿಡಲು ಇಚ್ಛಿಸುವವರು ಮುಂಚಿತವಾಗಿ ತಿಳಿಸಿ, ಹಿತ್ತಿಲಿಗೆ ಹೋಗಿ, ಸರದಿಯ ಪ್ರಕಾರ ಬಿಡತಕ್ಕದ್ದು. ಹುಬ್ಬು ಏರಿಸುವುದನ್ನೂ ಸುಳಿವು ಕೊಟ್ಟಂತೆಯೇ ಪರಿಗಣಿಸಲಾಗುವುದು.

೭. ಟೀಚರ್‌ಗೆ ನಿಜ ತಿಳಿಸುವ ಕೆಲಸಕ್ಕೆ ಸೋದರಮಾವನವರನ್ನು ನಿಯೋಜಿಸಲು ಅಮ್ಮನವರು ಪ್ರಯತ್ನಿಸಿದ್ದು, ಮಾವನವರು "ನಾನ್ಯಾಕಕ್ಕಾ? ತಲೆಯಾಡಿಸಿ ಬಂದೋಳು ನೀನು!" ಎಂದು ಕೈತೊಳೆದುಕೊಂಡಿರುತ್ತಾರೆ. ಶುಕ್ರವಾರ ಸಂಜೆ ಗೆಳತಿಯರು ಗೇಟಿನ ಬಳಿ ಕೂಗಲೇ ಇಲ್ಲ. ಮಗಳು ಬರೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಮತ್ತೆ ತಲೆ ಬಗ್ಗಿಸಿದಳು. ಅಮ್ಮನವರು ಗೇಟಿನವರೆಗೂ ಹೋಗಿ ಬೀದಿ ನೋಡಿ ಬಂದರು. ಇದಕ್ಕೆ ಅನ್ವಯಿಸುವ ನಿಯಮವು ಇಲಾಖೆಯ ಬಳಿ ಇರುವುದಿಲ್ಲ.

೮. ಆದ್ದರಿಂದ ಇಂದು ಬೆಳಿಗ್ಗೆ ಅಮ್ಮನವರು ಖುದ್ದಾಗಿ ಶಾಲೆಗೆ ಹೋಗಿ, "ಟೀಚರ್, ಮುಕ್ಕಾಲುಪಾಲು ಬರೆದಿದ್ದು ನಾವು. ಅವಳು ಎಲ್ಲಾ ಮಕ್ಕಳ ಥರಾನೇ. ಅವಳಿಗೂ ಬರದೇ ಇರೋದು ಬೇಕಾದಷ್ಟಿದೆ" ಎಂದು ಒಪ್ಪಿಕೊಂಡಿರುತ್ತಾರೆ. ಟೀಚರ್ ನಕ್ಕು, "ಬರದೇ ಇರೋದು ಕಾಣ್ಲಿ ಅಂತಾನೇ ಅಲ್ವೇನ್ರೀ ನಾನು ಕೊಡೋದು!" ಎಂದು ಹೆಚ್ಚುವರಿಯನ್ನು ಅಲ್ಲೇ ರದ್ದುಪಡಿಸಿದರು. "ಹಾಗಾದ್ರೆ ಆ ಪ್ರಬಂಧ ಬರೆದಿದ್ದು?" ಎಂಬ ಮುಂದಿನ ಪ್ರಶ್ನೆಗೆ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ಅಮ್ಮನವರಿಗೆ ಥಟ್ಟನೆ ನೆನಪಾಗಿರುತ್ತದೆ.

ಈ ಆದೇಶವು ಈ ಕ್ಷಣದಿಂದಲೇ ಜಾರಿಗೆ ಬಂದಿದೆ.

ಸಹಿ/-
ಅಮ್ಮ
ಮಾಜಿ ಮುಖ್ಯೋಪಾಧ್ಯಾಯಿನಿ, ಮನೆಪಾಠ

ಪ್ರತಿಗಳು:
೧. ಅಪ್ಪನವರಿಗೆ: ಕೈಗಳ ಮೇಲೆ ಕುಳಿತಿರುವುದರಿಂದ ಓದಿ ಹೇಳಲಾಗಿದೆ.
೨. ಅಜ್ಜಿಯವರಿಗೆ: ಅಡುಗೆಮನೆಯ ವಿಳಾಸಕ್ಕೆ.
೩. ಸೋದರಮಾವನವರಿಗೆ: ಈ ಆದೇಶಕ್ಕೆ ಮರದ ಚೌಕಟ್ಟು ಹಾಕುವ ಅಗತ್ಯವಿಲ್ಲ.
೪. ಟೀಚರ್‌ಗೆ: ೪ನೇ ಅಂಶವನ್ನು ಕತ್ತರಿಸಿ ತೆಗೆದು ಕಳುಹಿಸಲಾಗಿದೆ.
೫. ಮಗಳಿಗೆ: ಬೀದಿಯಲ್ಲಿ ಯಾರೊಂದಿಗೋ ಗಂಟಲು ಹರಿಯುವಂತೆ ಜಗಳವಾಡುತ್ತಿರುವುದರಿಂದ ತಲುಪಿಸಲಾಗಿಲ್ಲ. ಯಾರೂ ಒಳಗೆ ಕರೆಯಬಾರದು.