ಇಸ್ತ್ರಿ ಪೆಟ್ಟಿಗೆಗೆ ಸಿಕ್ಕ ಕೊನೆಯ ಅಧ್ಯಾಯ

ವಕೀಲರು ಕೆಟ್ಟವರಲ್ಲ, ಆದರೆ "ತಪ್ಪು ನನ್ನದು" ಎಂಬ ಮಾತು ಅವರ ಬಾಯಿಂದ ಹೊರಬಿದ್ದ ದಾಖಲೆಯಿಲ್ಲ. ನಿವೃತ್ತಿಯವರೆಗೂ ಕಂಪನಿಗಳ ಪರ ನಿಂತು, ಕಾರ್ಖಾನೆಯ ಹೊಗೆಯನ್ನು ಮಂಜೆಂದು ಸಾಧಿಸಿದ ನಾಲಿಗೆ ಅದು.

ಹೆಂಡತಿ ಎದುರುಮನೆಯ ಟೀಚರಮ್ಮನಿಂದ ಒಂದು ಕೋರ್ಟು ಕಾದಂಬರಿ ತಂದಿದ್ದರು. ಕೆಟ್ಟ ಮಾತ್ರೆ ಮಾರಿದ ಔಷಧಿ ಕಂಪನಿಯ ಕಥೆ. ಇನ್ನೊಂದೇ ಅಧ್ಯಾಯ ಬಾಕಿಯಿರುವಾಗ ವಕೀಲರು ಅದನ್ನು ಕಸಿದುಕೊಂಡರು.

"ಸ್ನಾನಕ್ಕೆ ಹೋಗಿ ಬರೋದ್ರೊಳಗೆ ಇದರ ಜನ್ಮ ಜಾಲಾಡಿಬಿಡ್ತೀನಿ!"

"ಜಾಲಾಡಿ. ಆದ್ರೆ ಕೊನೆ ಮಾತ್ರ ನಂಗೆ ಹೇಳ್ಬೇಡಿ. ಸಂಜೆಯೊಳಗೆ ಓದಿ ವಾಪಸ್ ಕೊಡ್ಬೇಕು."

ಬಚ್ಚಲಲ್ಲಿ, ನೀರು ತುಂಬಿದ ಬಕೆಟ್ಟಿನ ಪಕ್ಕ ಸ್ಟೂಲು ಹಾಕಿಕೊಂಡು ವಕೀಲರು ಓದತೊಡಗಿದರು. ಕಾದಂಬರಿಯಲ್ಲಿ ಸಾಕ್ಷಿಗಳು ಯಾರೂ ಕರೆಯದೆ ಬಾಗಿಲು ತಳ್ಳಿಕೊಂಡು ಬರುತ್ತಿದ್ದರು. ನ್ಯಾಯಾಧೀಶರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ವಕೀಲರಿಗೆ ತಡೆಯಲಾಗಲಿಲ್ಲ. "ಆಕ್ಷೇಪಣೆ!" ಎಂದು ಎರಡೂ ಕೈ ಎತ್ತಿದರು. ಹಳೆಯ ಅಭ್ಯಾಸ! ಪುಸ್ತಕ ಬಕೆಟ್ಟಿಗೆ ಬಿತ್ತು.

ಒಣಗಿಸಲು ಇಸ್ತ್ರಿ ಪೆಟ್ಟಿಗೆ ಹಿಡಿದರು. ಕೊನೆಯ ಅಧ್ಯಾಯ ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಗಿ, ಕೈಗೇ ಬಂತು. ಅದು ಕಸದ ಬುಟ್ಟಿಯಲ್ಲಿ, ತರಕಾರಿ ಸಿಪ್ಪೆಯ ಕೆಳಗೆ ಸಮಾಧಿಯಾಯಿತು.

"ರೀ, ಕೊನೇ ಅಧ್ಯಾಯ ಎಲ್ಲಿ?"

"ಬೈಂಡಿಂಗ್ ಸರಿಯಿಲ್ಲ. ಪ್ರೆಸ್ಸಿನವರ ಹೊಣೆ."

"ಪುಸ್ತಕ ಒದ್ದೆ ಇದ್ಯಲ್ಲ?"

"ಹವಾಮಾನ."

"ಸುಟ್ಟ ವಾಸನೆ?"

"ಅದು ಬರೀ ಅನುಮಾನ. ಸಾಕ್ಷ್ಯ ಅಲ್ಲ."

"ಸರಿ, ಓದಿದ್ದೀರಲ್ಲ, ಹೇಗೆ ಮುಗಿಯುತ್ತೆ ಹೇಳಿ."

ವಕೀಲರು ಓದಿದ್ದು ಮೂರು ಪುಟ. ಗಂಟಲು ಸರಿಮಾಡಿಕೊಂಡರು. "ಕಂಪನಿ ಗೆಲ್ಲುತ್ತೆ."

"ನಿಮ್ಮ ಕೇಸುಗಳೆಲ್ಲ ಹಾಗೇ ಮುಗಿದಿದ್ದು. ಪುಸ್ತಕದಲ್ಲಾದ್ರೂ ಒಬ್ಬ ತಪ್ಪು ಒಪ್ಕೋತಾನೇನೋ ಅಂತ ಕಣ್ಣು ನೋಯಿಸಿಕೊಂಡು ಓದ್ದೆ." ಹೆಂಡತಿ ಚಪ್ಪಲಿ ಮೆಟ್ಟಿದರು. "ಹೋಗ್ಲಿ ಬಿಡಿ. ನಾನೇ ಸುಟ್ಟೆ ಅಂತ ಟೀಚರಮ್ಮಂಗೆ ಹೇಳಿ ಬರ್ತೀನಿ."

"ಇರು. ಕಥೆ ಮುಗಿದಿಲ್ಲ. ಆಮೇಲೆ ಕಂಪನಿ ವಕೀಲ ಎದ್ದು ನಿಲ್ತಾನೆ."

"ನಿಂತು?"

ವಕೀಲರು ಬುಟ್ಟಿಗೆ ಕೈ ಹಾಕಿ, ಸಿಪ್ಪೆ ಸರಿಸಿ, ಕಪ್ಪಾದ ಹಾಳೆಗಳನ್ನು ತೆಗೆದರು. ಪುಸ್ತಕವನ್ನೂ ಎತ್ತಿಕೊಂಡು ಬೀದಿ ದಾಟಿದರು. ಹೆಂಡತಿ ಬಾಗಿಲಲ್ಲೇ ನಿಂತು ಕಿವಿಗೊಟ್ಟರು.

"ಟೀಚರಮ್ಮ, ಪುಸ್ತಕ ಹಾಳಾಯ್ತು. ತಪ್ಪು ನನ್ನದು."

"ಅಯ್ಯೋ, ಆ ಬೋರು ಪುಸ್ತಕಾನಾ? ಪೂರ್ತಿ ಸುಟ್ಟಿದ್ರೂ ನಾನು ಕೇಳ್ತಿರಲಿಲ್ಲ. ತಪ್ಪೇನಿಲ್ಲ ಬಿಡಿ, ವಕೀಲರೇ!"

ಬಯಸದೇ ಸಿಕ್ಕ ಬಿಡುಗಡೆ! ವಕೀಲರು ತಿರುಗಿ ಬರಬಹುದಿತ್ತು.

"ಇಲ್ಲಮ್ಮ," ಎಂದರು, ಎದುರು ಬಾಗಿಲಿಗೂ ಕೇಳುವಷ್ಟು ಗಟ್ಟಿಯಾಗಿ. "ತಪ್ಪು ನನ್ನದೇ."