ಚಿಪ್ ಕಾರ್ಖಾನೆಗೆ ಮಡಿ ತಂದದ್ದು

ನಗಬಾರದ ಜಾಗದಲ್ಲೇ ನಗು ಬರಿಸುವ ಸಂಗತಿಗಳು ನಡೆಯುತ್ತವೆ ಎನ್ನುವುದು ನನ್ನ ಅನುಭವ. ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಜರ್ಮನಿಯವರು ಕಂಪ್ಯೂಟರ್ ಕಲಿತವರನ್ನು ಕರೆದ ಕಾಲದಲ್ಲಿ ನಾನು ಧಾರವಾಡದಿಂದ ಹೋಗಿ ಡ್ರೆಸ್ಡೆನ್ನಿನ ಒಂದು ಚಿಪ್ ಕಾರ್ಖಾನೆ ಸೇರಿದೆ. ಅಲ್ಲಿ ಯಾರೂ ನಗುತ್ತಿರಲಿಲ್ಲ. ನಗುವುದಕ್ಕೆ ಕಾರಣಗಳು ಮಾತ್ರ ವಾರವಾರವೂ ಹುಟ್ಟುತ್ತಿದ್ದವು.

ಇದು ಯಾವುದರ ಹಾಗೆ?

ಚಿಪ್ ತಯಾರಾಗುವ ಕೋಣೆಯಲ್ಲಿ ಧೂಳು ಇರಕೂಡದು. ಕಣ್ಣಿಗೆ ಕಾಣದ ಕಣವೊಂದು ಬಿದ್ದರೂ ಮಾಲು ಹಾಳು. ಅದಕ್ಕೇ ಒಳಗೆ ಹೋಗುವ ಮುನ್ನ ಪಕ್ಕದ ಕೋಣೆಯಲ್ಲಿ ಕೈ ತೊಳೆದು, ಟೋಪಿ, ಗವುಸು, ಮೈತುಂಬ ಬಿಳಿ ಉಡುಪು ಹಾಕಿಕೊಳ್ಳಬೇಕು. ಗೋಡೆಯ ಮೇಲೆ ನಿಯಮಗಳ ದೊಡ್ಡ ಹಲಗೆ ಇತ್ತು. ಎಲ್ಲರೂ ಅದರ ಕೆಳಗೇ ನಿಂತು ನಿಯಮ ಮುರಿಯುತ್ತಿದ್ದರು.

ಆ ಉಡುಪಿನ ಕೋಣೆಯನ್ನು ಹೊಸದಾಗಿ ವಿನ್ಯಾಸ ಮಾಡುವುದು ನನ್ನ ಕೆಲಸ. ಅದು ಸರಿಹೋದರೆ ನನ್ನ ಒಪ್ಪಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲಸ ಹೋದರೆ ವೀಸಾನೂ ಹೋಯಿತು. ಹುಬ್ಬಳ್ಳಿಯ ತವರಿನಲ್ಲಿದ್ದ ನನ್ನ ಹೆಂಡತಿ ಮಗಳನ್ನು ಕಟ್ಟಿಕೊಂಡು ಹೊರಡಲು ಕಾಯುತ್ತಿದ್ದಳು. ಪ್ರತಿ ಭಾನುವಾರ ಫೋನಿನಲ್ಲಿ, "ಟಿಕೆಟ್ ತಗಸಲೋ ಬ್ಯಾಡೋ, ಒಂದು ಹೇಳ್ರಿ" ಅನ್ನುವಳು. "ಮುಂದಿನ ವಾರ ಹೇಳ್ತೀನಿ" ಅನ್ನುವೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ನಮ್ಮ ವಿಭಾಗದ ಮುಖ್ಯಸ್ಥೆ ತೆಳ್ಳನೆಯ, ಗಂಭೀರ ಹೆಂಗಸು. ಮೊದಲ ಸಭೆಯಲ್ಲೇ ಹೇಳಿದರು: "ಜನ ನಿಯಮ ಓದುವುದಿಲ್ಲ. ತಮಗೆ ಮೊದಲೇ ಗೊತ್ತಿರುವ ಯಾವುದೋ ಜಾಗದ ಹಾಗೆ ಈ ಕೋಣೆ ಕಂಡರೆ ಸಾಕು, ಅಲ್ಲಿ ನಡೆದುಕೊಳ್ಳುವ ಹಾಗೆ ಇಲ್ಲೂ ನಡೆದುಕೊಳ್ಳುತ್ತಾರೆ. ಹಾಗಾದರೆ ಇದು ಯಾವುದರ ಹಾಗೆ?"

ದೊಡ್ಡ ಮೀಸೆಯ, ಅಲ್ಲಿಯವರೇ ಆದ ಹಿರಿಯ ತಂತ್ರಜ್ಞರೊಬ್ಬರು ಬಹಳ ಹೊತ್ತು ಯೋಚಿಸಿ ಹೇಳಿದರು: "ಉಡುಪು ಬದಲಿಸುವ ಕೋಣೆಯ ಹಾಗೆ."

ಆಪರೇಷನ್ ಥಿಯೇಟರ್

ಕೊನೆಗೆ ಆಪರೇಷನ್ ಥಿಯೇಟರಿನ ಹೋಲಿಕೆ ಒಪ್ಪಿಗೆಯಾಯಿತು. ನಾನು ಗೋಡೆಗೆ ಹಸಿರು ಬಳಿಸಿದೆ, ಬಾಗಿಲ ಮೇಲೆ ಕೆಂಪು ದೀಪ ಹಾಕಿಸಿದೆ. ಮೊದಲ ದಿನವೇ ಎಲ್ಲರೂ ಕೈಯನ್ನು ಮೊಣಕೈತನಕ ತೊಳೆದರು. ನನಗೆ ಹಿಡಿಸಲಾರದಷ್ಟು ಸಂತೋಷ.

ಒಂದು ಯೋಚನೆ ನನಗೆ ಹೊಳೆದಿರಲಿಲ್ಲ. ಆಪರೇಷನ್ ಥಿಯೇಟರಿಗೆ ಹೋದವನು ತನ್ನನ್ನು ಏನೆಂದು ತಿಳಿದುಕೊಳ್ಳುತ್ತಾನೆ? ಡಾಕ್ಟರ್ ಎಂದೇ ಅಲ್ಲವೆ? ಅದುವರೆಗೆ ಗುಂಡಿ ಒತ್ತಿ ಸುಮ್ಮನಿರುತ್ತಿದ್ದವರು ಈಗ ಯಂತ್ರ ಸ್ವಲ್ಪ ಸದ್ದು ಮಾಡಿದರೂ ಮುಚ್ಚಳ ತೆಗೆದು ಒಳಗೆ ಕೈಹಾಕತೊಡಗಿದರು. ವಾರ ಕಳೆಯುವುದರಲ್ಲಿ ಎರಡು ಯಂತ್ರ ನಿಂತುಹೋದವು. ಮೀಸೆಯವರು ಗವುಸು ಕಳಚಿ, ತಲೆ ತಗ್ಗಿಸಿ, ನನ್ನ ಭುಜದ ಮೇಲೆ ಕೈಯಿಟ್ಟರು. "ನಮ್ಮಿಂದ ಆದದ್ದೆಲ್ಲ ಮಾಡಿದೆವು" ಎಂದರು.

ಚಂದ್ರಲೋಕ

ಆಮೇಲೆ ಕಾರ್ಖಾನೆಯ ಹುಡುಗರ ಮಾತು ಕೇಳಿ ಅಂತರಿಕ್ಷ ನೌಕೆಯ ಹೋಲಿಕೆ ಹಿಡಿದೆ. ಕಪ್ಪು ಗೋಡೆ, ನೀಲಿ ದೀಪ. ಯಾರೂ ಏನನ್ನೂ ಮುಟ್ಟಲಿಲ್ಲ, ಅದು ನಿಜ. ಆದರೆ ಬಿಳಿ ಉಡುಪು ಹಾಕಿದ್ದೇ ತಡ, ಎಲ್ಲರೂ ಚಂದ್ರನ ಮೇಲೆ ನಡೆದಂತೆ ತೇಲುತ್ತ ಹೆಜ್ಜೆ ಇಡತೊಡಗಿದರು. ಪಾಳಿ ಶುರುವಾಗುವುದೇ ತಡವಾಯಿತು. ನಾನು ಬೇಗ ನಡೆಯಿರಿ ಎಂದದ್ದಕ್ಕೆ ನೌಕರರ ಸಂಘದ ಪ್ರತಿನಿಧಿ ನನ್ನ ಮೇಜಿಗೇ ಬಂದರು. ಚಂದ್ರನ ಮೇಲೆ ನಡೆಯುವುದು ಕಷ್ಟದ ಕೆಲಸವಾದ್ದರಿಂದ ನಡುವೆ ವಿಶ್ರಾಂತಿ ಕೊಡಬೇಕೆಂದು ಕೇಳಿದರು.

ಅಜ್ಜಿಯ ಅಡಿಗೆಮನೆ

ಇನ್ನು ಒಂದೇ ಅವಕಾಶ ಉಳಿದಿತ್ತು. ಆಗ ನನಗೆ ನಮ್ಮ ಅಜ್ಜಿಯ ಅಡಿಗೆಮನೆ ನೆನಪಾಯಿತು. ಗಳದ ಮೇಲೆ ಎತ್ತರದಲ್ಲಿ ಒಣಹಾಕಿದ ಮಡಿಸೀರೆ, ಅದನ್ನು ಇಳಿಸಲು ಕೋಲು, ಹೊಸ್ತಿಲ ಆಚೆ ನಿಲ್ಲುವ ನಾವು. "ಮುಟ್ಟಬ್ಯಾಡ್ರೋ, ಮಡಿ ಅದ!" ಎಂಬ ಒಂದು ಕೂಗಿಗೆ ಇಡೀ ಮನೆ ಗಕ್ಕನೆ ನಿಲ್ಲುತ್ತಿತ್ತು. ಅಲ್ಲಿ ಯಾವ ಹಲಗೆಯೂ ಇರಲಿಲ್ಲ.

ಮುಖ್ಯಸ್ಥೆಗೆ ಎಲ್ಲ ವಿವರಿಸಿದೆ. ಅವರು ಕೇಳಿ ಬೆರಗಾದರು. ಕೋಣೆಯ ನಡುವೆ ಹೊಸ್ತಿಲಿನಂತೆ ಒಂದು ಬೆಂಚು ಬಂತು. ಉಡುಪುಗಳು ಎತ್ತರದ ಗಳ ಏರಿದವು, ಕೋಲೂ ಬಂತು. ಎಲ್ಲರಿಗಿಂತ ಹೆಚ್ಚಾಗಿ ಇದನ್ನು ಹಚ್ಚಿಕೊಂಡವರು ಮೀಸೆಯವರು. ಒಂದು ಬೆಳಿಗ್ಗೆ ಕಾರ್ಖಾನೆಯ ನಿರ್ದೇಶಕರು ಅರ್ಧ ತಿಂದ ಬನ್ನು ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟರು. ಮೀಸೆಯವರು ಕೋಲು ಅಡ್ಡ ಹಿಡಿದು "ಮಡಿ!" ಎಂದು ಅಬ್ಬರಿಸಿದರು. ನಿರ್ದೇಶಕರು ಅಲ್ಲೇ ನಿಂತರು.

"ಇದೇನು, ಹೊಸ ಯುರೋಪಿಯನ್ ನಿಯಮವೇ?"

"ಅದಕ್ಕಿಂತ ಹಳೆಯದು," ಎಂದರು ಮೀಸೆಯವರು. "ಧಾರವಾಡದ್ದು."

ಧೂಳು ಯಾರದು

ನಿರ್ದೇಶಕರಿಗೆ ಹಿಡಿಸಿತು. ಒಪ್ಪಂದದ ಮಾತಿಗೆ ಸಭೆ ಗೊತ್ತಾಯಿತು. ನಾನು ಹೆಂಡತಿಗೆ, "ಟಿಕೆಟ್ ವಿಚಾರಿಸು" ಎಂದೂ ಹೇಳಿಬಿಟ್ಟೆ.

ಈ ನಡುವೆ ಕ್ಯಾಂಟೀನಿನಲ್ಲಿ ಒಂದು ಸಣ್ಣ ಬದಲಾವಣೆಯಾಗಿತ್ತು. ನೆಲ ಒರೆಸುವ ವಿಯೆಟ್ನಾಮಿನ ಹೆಂಗಸರು ಮೊದಲು ಎಲ್ಲರ ನಡುವೆಯೇ ಕೂತು ಉಣ್ಣುತ್ತಿದ್ದರು. ಈಗ ಮೀಸೆಯವರ ತಂಡ ತನ್ನ ಮೇಜನ್ನು ದೂರ ಎಳೆದುಕೊಂಡಿತ್ತು. ಯಾಕೆಂದು ಕೇಳಿದರೆ, "ಮಡಿ" ಎಂದರು. ನಾನು ಅದನ್ನು ಉತ್ಸಾಹ ಎಂದುಕೊಂಡೆ. ನನ್ನ ಜೊತೆ ದಿನವೂ ಉಣ್ಣುತ್ತಿದ್ದ ಬೀದರಿನ ಗೆಳೆಯ, ಅವನೂ ನಮ್ಮಲ್ಲೇ ಎಂಜಿನಿಯರ್, ತಟ್ಟೆ ಎತ್ತಿಕೊಂಡು ಹೋಗಿ ಆ ಹೆಂಗಸರ ಮೇಜಿನಲ್ಲಿ ಕೂತ.

ಸಭೆಯಲ್ಲಿ ಮುಖ್ಯಸ್ಥೆ ಆ ಗೆಳೆಯನನ್ನೇ ಕೇಳಿದರು: "ನೀವೂ ಅಲ್ಲಿಯವರು. ಈ ಮಡಿ ನಿಮಗೂ ಗೊತ್ತಿರಬೇಕಲ್ಲ?"

"ಚೆನ್ನಾಗಿ ಗೊತ್ತು. ಹೊರಗಿನಿಂದ," ಎಂದ. "ನಮ್ಮವ್ವ ಅಂಥ ಮನೆಗಳ ಅಂಗಳ ಗುಡಿಸುತ್ತಿದ್ದಳು. ಬಾಯಾರಿದರೆ ಬೊಗಸೆಗೆ ಎತ್ತರದಿಂದ ನೀರು ಸುರಿಯುತ್ತಿದ್ದರು. ನಮ್ಮ ನೆರಳು ಬಿದ್ದ ಕಟ್ಟೆ ತೊಳೆಯುತ್ತಿದ್ದರು."

ಅವನೊಂದಿಗೆ ಅಷ್ಟು ದಿನ ಉಂಡರೂ ನಾನು ಅವನ ಮನೆಯ ವಿಷಯ ಕೇಳಿರಲಿಲ್ಲ. ನಾಚಿಕೆಯಾಯಿತು. ಒಪ್ಪಂದ ಕೈತಪ್ಪುತ್ತದಲ್ಲ ಎಂದು ಸಿಟ್ಟೂ ಬಂತು.

"ಒಂದು ಹೋಲಿಕೆ ತಂದರೆ ಅದರ ಸಂಸಾರವೆಲ್ಲ ಹಿಂದೆ ಬರುತ್ತದೆ," ಎಂದು ಅವನು ಮುಂದುವರಿಸಿದ. "ಕ್ಯಾಂಟೀನಿಗೆ ಬಂದಾಗಿದೆ, ನೋಡಿ. ಅದೂ ಇರಲಿ, ಇದು ಕೆಲಸಕ್ಕೂ ಬಾರದು. ಮಡಿಯಲ್ಲಿದ್ದವನು ಕೊಳೆ ಎದುರಿನವನದು ಅಂದುಕೊಳ್ಳುತ್ತಾನೆ. ಇಲ್ಲಿ ಧೂಳು ಉದುರುವುದು ಅವನವನ ಮೈಯಿಂದಲೇ."

"ಹಾಗಾದರೆ ಇದು ಯಾವುದರ ಹಾಗೆ?" ಎಂದರು ಮುಖ್ಯಸ್ಥೆ.

"ಹಸುಗೂಸು ಮಲಗಿದ ಕೋಣೆಯ ಹಾಗೆ. ಯಾರೇ ಹೋಗಲಿ, ತಾವೇ ಕೈ ತೊಳೆದುಕೊಂಡು ಮೆಲ್ಲಗೆ ಹೋಗುತ್ತಾರೆ. ಕೂಸನ್ನು ಕಾಪಾಡುವುದಕ್ಕೆ ಯಾರನ್ನೂ ದೂರ ಇಡಬೇಕಾಗಿಲ್ಲ."

ನಾನು ಬಿಡಲಿಲ್ಲ. ಮಡಿಯೆಂದರೆ ತನ್ನ ಶುದ್ಧಿಯೂ ಹೌದು ಎಂದು ವಾದಿಸಿದೆ. ನಿರ್ದೇಶಕರು ಕೈಯೆತ್ತಿ, "ಅಳೆದು ನೋಡೋಣ" ಎಂದರು. ಜರ್ಮನಿಯಲ್ಲಿ ಜಗಳ ಮುಗಿಯುವುದು ಹೀಗೆ.

ಗಾಳಿಯ ಧೂಳನ್ನು ಎಣಿಸುವ ಯಂತ್ರ ತಂದರು. ಎಲ್ಲರೂ ಬಿಳಿ ಉಡುಪು ತೊಟ್ಟು ಸಾಲಾಗಿ ನಿಂತೆವು. ನೆಲ ಒರೆಸುತ್ತಿದ್ದ ಹೆಂಗಸೊಬ್ಬರನ್ನೂ ಗೆಳೆಯ ಕರೆದು ನಿಲ್ಲಿಸಿದ. ಯಂತ್ರದ ಮೂತಿಯನ್ನು ಒಬ್ಬೊಬ್ಬರ ಕೊರಳ ಹತ್ತಿರ ಹಿಡಿದರು. ಆಕೆಯ ಹತ್ತಿರ ಅದು ಸುಮ್ಮನಿತ್ತು. ಗೆಳೆಯನ ಹತ್ತಿರವೂ ಅಷ್ಟೆ. ನಿರ್ದೇಶಕರ ಹತ್ತಿರ ಒಮ್ಮೆ ಕುಂಯ್ ಎಂದಿತು. ನನ್ನ ಹತ್ತಿರ ಬಂದದ್ದೇ ಕೆಂಪು ದೀಪ ಹತ್ತಿ, ಕೂಗಾಟ ನಿಲ್ಲಿಸಲೇ ಇಲ್ಲ.

ಮೀಸೆಯವರು ನನ್ನ ಕಾಲರು ಸರಿಸಿ ಟಾರ್ಚು ಬಿಟ್ಟರು. ಬೆಳಿಗ್ಗೆ ಸಂಧ್ಯಾವಂದನೆ ಮಾಡಿ ಕೊರಳಿಗೆ, ತೋಳಿಗೆ, ಎದೆಗೆ ಹಚ್ಚಿಕೊಂಡಿದ್ದ ಗೋಪಿಚಂದನ ಒಣಗಿ ಪುಡಿಪುಡಿಯಾಗಿ ಉದುರುತ್ತಿತ್ತು. ಆಫೀಸಿಗೆಂದು ಹಣೆಯದನ್ನಷ್ಟೇ ಒರೆಸಿಕೊಳ್ಳುವುದು ನನ್ನ ರೂಢಿ. ಅವರು ಹಲಗೆಯ ಮೊದಲ ನಿಯಮವನ್ನು ಗಟ್ಟಿಯಾಗಿ ಓದಿದರು: "ಮೈಗೆ ಪೌಡರು, ಮೇಕಪ್ ನಿಷಿದ್ಧ."

"ಇದು ಮೇಕಪ್ ಅಲ್ಲ," ಎಂದೆ.

"ಮತ್ತೇನು?"

ಬೇರೆ ದಾರಿಯಿರಲಿಲ್ಲ. "ಮಡಿ," ಎಂದೆ.

ಆ ಕಾರ್ಖಾನೆಯಲ್ಲಿ ಜನ ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ನಿರ್ದೇಶಕರು ಗೋಡೆ ಹಿಡಿದುಕೊಂಡು ನಕ್ಕರು. ಮುಖ್ಯಸ್ಥೆ ಕಣ್ಣೊರೆಸಿಕೊಂಡು, ಹಸುಗೂಸಿನ ಕೋಣೆಯನ್ನು ನಾನೂ ಗೆಳೆಯನೂ ಸೇರಿ ಮಾಡಬೇಕು, ಅದು ಮುಗಿಯುವವರೆಗೆ ನನ್ನ ಒಪ್ಪಂದವೂ ಇರುತ್ತದೆ ಎಂದರು. ಆಮೇಲೆ ಬಾಗಿಲು ತೋರಿಸಿ, "ಮೈ ತೊಳೆದುಕೊಳ್ಳಲು ನೀರು ಸಿದ್ಧವಾಗುವವರೆಗೆ ದಯವಿಟ್ಟು ಹೊರಗೆ ನಿಂತಿರಿ. ಏನನ್ನೂ ಮುಟ್ಟಬೇಡಿ" ಎಂದರು.

ಹೊರಗೆ ಬಂದು ನಿಂತೆ. ಬಾಗಿಲಿಗೆ ಒರಗಬಹುದೋ ಬಾರದೋ, ಕೈ ಎಲ್ಲಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದೆ. ಗೆಳೆಯ ಬಂದು ನನ್ನ ಪಕ್ಕದಲ್ಲೇ ನಿಂತ.

"ಚಿಂತಿ ಮಾಡಬ್ಯಾಡ ಗುರು," ಎಂದ. "ಹೊರಗ ಹೆಂಗ ನಿಂದ್ರಬೇಕಂತ ನಾ ಕಲಿಸ್ತೀನಿ."